ಅಲ್ಲಾಭಕ್ಷ್ ಕೇಳಿದ ಕೇಸು

ಸಾಲಗುಂದದ ಅಲ್ಲಾಭಕ್ಷ್ ಹನ್ನೊಂದು ವರ್ಷದಿಂದ ಸಾಮಾನು ಹೇರುವ ಮೂರು ಗಾಲಿಯ ಗೂಡ್ಸ್ ಟಂಟಂ ಓಡಿಸುತ್ತಾನೆ. ಕಾಗದದ ಪ್ರಕಾರ ಅದರಲ್ಲಿ ಸಿಮೆಂಟು ಒಯ್ಯಬಹುದು, ಗೊಬ್ಬರ ಒಯ್ಯಬಹುದು, ಕುರಿ ಒಯ್ಯಬಹುದು. ಮನುಷ್ಯರನ್ನು ಮಾತ್ರ ಒಯ್ಯುವಂತಿಲ್ಲ. ಆದರೆ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಗೆ ಬೇಕಾಗುವುದು ನೆಲ್ಲು ಹಚ್ಚುವ ಹೆಣ್ಣಾಳು. ಅವರನ್ನು ಬೆಳಿಗ್ಗೆ ಏಳಕ್ಕೆ ವಳಕಮದಿನ್ನಿ ಕಡೆಯ ಗದ್ದೆಗಳಿಗೆ ಮುಟ್ಟಿಸುವ ಬಸ್ಸು ಇಲ್ಲ. ಬಸ್ಸು ಬಿಡಿ ಎಂದು ನಮ್ಮ ಕೂಲಿಕಾರರ ಸಂಘದವರು ಸಿಂಧನೂರಿನಲ್ಲಿ ಎರಡು ಸಲ ಧರಣಿ ಕೂತೆವು. ಅಧಿಕಾರಿಗಳು ಮನವಿಪತ್ರ ಇಸಿದುಕೊಂಡರು, ಚಹಾ ಕುಡಿಸಿದರು, ಬಸ್ಸು ಬಿಡಲಿಲ್ಲ. ಹೀಗಾಗಿ ಹನ್ನೆರಡು ಹೆಂಗಸರು ಅಲ್ಲಾಭಕ್ಷನ ಟಂಟಂನ ಹಿಂದೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ಹೋಗುತ್ತಿದ್ದರು.

ಮೊದಲ ವರ್ಷವೇ ಅವನನ್ನು ಹಿಡಿದದ್ದು ಹೆಡ್ ಕಾನ್‌ಸ್ಟೇಬಲ್ ಕನಕರಾಜ. ಮಸ್ಕಿ ಕಡೆಯವನು, ತಾನೂ ಕೂಲಿಯವರ ಮನೆಯಲ್ಲಿ ಬೆಳೆದವನು.

“ಏನಲೇ ಇವು, ಕುರಿ ಏನು?”

“ಅಲ್ರೀ ಸಾಹೇಬ್ರ, ಹೆಣ್ಣಾಳು.”

“ಕುರಿ ಆಗಿದ್ರ ಬಿಡ್ತಿದ್ದೆ. ನಿನ್ನ ಪರ್ಮಿಟ್‌ನ್ಯಾಗ ಕುರಿಗೆ ಜಾಗ ಐತಿ.”

ಹಿಂದಿನಿಂದ ಯಮನೂರಮ್ಮ ಕತ್ತು ಚಾಚಿದಳು. ಆಳುಗಳ ಗುಂಪು ಕಟ್ಟುವವಳು ಅವಳೇ. “ಬ್ಯಾ ಅಂತ ಒದರಲೇನ್ರೀ ಸಾಹೇಬ್ರ? ಹುಲ್ಲು ಹಾಕಿದ್ರ ಅದನ್ನೂ ತಿಂತೀವಿ.”

ಕನಕರಾಜ ನಕ್ಕ. ನಕ್ಕು ದಂಡವನ್ನೂ ಬರೆದ. ಚೀಟಿ ಕೈಗೆ ಕೊಡುವಾಗ ದನಿ ತಗ್ಗಿಸಿ ಹೇಳಿದ: “ನಾ ನಿಂತಲ್ಲಿ ನಿನ್ನ ಗಾಡ್ಯಾಗ ಮಂದಿ ಕಾಣಬಾರದು ನೋಡು. ಕಂಡ್ರ ಬರೀಲೇಬೇಕು. ಕಾಣದಂಗ ಏನರೆ ಮಾಡ್ಕೋ.”

ಕಾಣದಂತೆ ಮಾಡಿಕೊಳ್ಳುವುದು ಸುಲಭವಿತ್ತು. ನಮ್ಮ ಕಡೆ ಎದುರಿನಿಂದ ಬರುವ ಡ್ರೈವರು ಅಂಗೈಯಿಂದ ನೆತ್ತಿ ಬಡಿದುಕೊಂಡರೆ ಮುಂದೆ ಟೊಪಗಿಯವರು ನಿಂತಿದ್ದಾರೆ, ಅಂದರೆ ಪೊಲೀಸರು, ಎಂದು ಅರ್ಥ. ಆ ಸನ್ನೆ ಕಂಡ ಕೂಡಲೇ ಅಲ್ಲಾಭಕ್ಷ್ ಗಾಡಿ ನಿಲ್ಲಿಸುವನು. ಹೆಂಗಸರು ಇಳಿದು ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ನಡೆಯುವರು. ಅವನು ಖಾಲಿ ಗಾಡಿ ಓಡಿಸಿಕೊಂಡು ಪೊಲೀಸರಿಗೆ ಸಲಾಂ ಹೊಡೆದು ಮುಂದಿನ ತಿರುವಿನಲ್ಲಿ ಕಾಯುವನು. ಸಾಲಾಗಿ ನಡೆದುಬರುವ ಹೆಂಗಸರನ್ನು ಕಂಡು ಕನಕರಾಜ ಬೇರೆ ಕಡೆ ಮುಖ ಮಾಡುವನು. ಕಾನೂನಿನ ಮಾನವೂ ಉಳಿಯಿತು, ಗದ್ದೆಗೆ ಆಳೂ ಮುಟ್ಟಿತು. ಇಷ್ಟು ವರ್ಷ ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ದಿನಾ ರಸ್ತೆಗಿಳಿದು ಕೂಗುವ ನಮಗೂ ಕಾಣಲಿಲ್ಲ.

ಆ ಹನ್ನೆರಡರಲ್ಲಿ ಒಬ್ಬಳು ಅಲ್ಲಾಭಕ್ಷನ ಹೆಂಡತಿ ಗೌಸಿಯಾ. ಬೇಕಿದ್ದರೆ ಅವಳು ಮುಂದೆ ಗಂಡನ ಮಗ್ಗುಲಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಎಲ್ಲರ ಜೊತೆ ಹಿಂದೆಯೇ ಹತ್ತುವಳು, ಎಲ್ಲರ ಜೊತೆಯೇ ಇಳಿಯುವಳು. ಡ್ರೈವರನ ಹೆಂಡತಿ ಎಂದು ಮೆರೆದರೆ ನಾಳೆ ಆಳುಗಳು ಬೇರೆ ಗಾಡಿ ಹತ್ತುತ್ತಾರೆ ಎನ್ನುವುದು ಅವಳ ಲೆಕ್ಕ.

ಹೋದ ವರ್ಷ ಆಗಸ್ಟಿನಲ್ಲಿ, ಕೆಸರಲ್ಲಿ ನಿಂತು ನಿಂತು ಅವಳ ಕಾಲ್ಬೆರಳ ಸಂದುಗಳೆಲ್ಲ ಹುಣ್ಣಾಗಿದ್ದವು. ಅರಿಷಿಣ, ಎಣ್ಣೆ ಕಲಸಿ ಹಚ್ಚಿ ಹಳೆಯ ಅರಿವೆ ಸುತ್ತಿಕೊಂಡಿದ್ದಳು. ಅವತ್ತು ಎದುರಿನಿಂದ ಹಾಲಿನ ಗಾಡಿಯ ಹುಸೇನ್‌ಸಾಬ್ ಬಂದ. ನೆತ್ತಿ ಬಡಿದುಕೊಂಡ. ಅಲ್ಲಾಭಕ್ಷ್ ಗಾಡಿ ನಿಲ್ಲಿಸಿದ.

“ನೀ ಇಳೀಬ್ಯಾಡ,” ಎಂದ ಹೆಂಡತಿಗೆ. “ಮುಂದ ಬಂದು ಕುಂದ್ರು. ಒಬ್ಬಾಕಿ ಕುಂತ್ರ ಕನಕರಾಜ ಏನೂ ಅನ್ನಂಗಿಲ್ಲ.”

“ಅವ್ರು ಅನ್ನಂಗಿಲ್ಲ ಜೀ. ಇವ್ರು ಅಂತಾರ.”

“ಕುಂದ್ರವಾ ಮಾರಾಣಿ,” ಎಂದಳು ಯಮನೂರಮ್ಮ. “ನಾವೇನೂ ಅನ್ನಂಗಿಲ್ಲ. ಸಂಜಿಮಟ ಅಂತೀವಿ, ಅಷ್ಟ.”

ಎಲ್ಲರೂ ನಕ್ಕರು. ಗೌಸಿಯಾಳೂ ನಕ್ಕಳು. ನಗುತ್ತಲೇ ಇಳಿದಳು.

ಮುಂದೆ ತಪಾಸಣೆಯೇ ಇರಲಿಲ್ಲ. ಹಿಂದಿನ ದಿನದ ಗಾಳಿಗೆ ಜಾಲಿಮರವೊಂದು ಅರ್ಧ ರಸ್ತೆಗೆ ಬಿದ್ದಿತ್ತು. ಕನಕರಾಜ ಅಲ್ಲಿ ನಿಂತು ಗಾಡಿಗಳನ್ನು ಒಂದೊಂದಾಗಿ ದಾಟಿಸುತ್ತಿದ್ದ, ಅಷ್ಟೆ. ಹುಸೇನ್‌ಸಾಬನಿಗೆ ಕಂಡದ್ದು ಖಾಕಿ, ಸನ್ನೆ ಮಾಡಿದ. ಟಂಟಂ ಬಂದಾಗ ಕನಕರಾಜ ಅದರೊಳಗೆ ಇಣುಕಿ ಸಹ ನೋಡಲಿಲ್ಲ. “ನಡಿ, ನಡಿ” ಎಂದು ಕೈ ಬೀಸಿದ.

ಅಲ್ಲಾಭಕ್ಷ್ ಆಚೆ ನಿಲ್ಲಿಸಿಕೊಂಡು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ರಸ್ತೆಯ ಅಂಚನ್ನು ಜಾಲಿಮುಳ್ಳು ತಿಂದಿತ್ತು. ಹೆಂಗಸರು ಡಾಂಬರಿನ ಮೇಲೆಯೇ ಬರುತ್ತಿದ್ದರು. ಗೌಸಿಯಾ ಕುಂಟುತ್ತ ಎಲ್ಲರಿಗಿಂತ ಹಿಂದೆ. ಅವರ ಬೆನ್ನ ಹಿಂದೆ ಲಿಂಗಸುಗೂರು ಕಡೆ ಹೊರಟ ಹೊಟ್ಟಿನ ಲಾರಿ ಬಂತು. ಯಾವುದೋ ಅಕ್ಕಿ ಗಿರಣಿಯದು. ಬಲೆ ಕಟ್ಟಿ ತುಂಬಿದ ಹೊಟ್ಟು ಎರಡೂ ಕಡೆ ಮೊಳದುದ್ದ ಉಬ್ಬಿಕೊಂಡಿತ್ತು. ಇಂಥ ಲಾರಿ ದಿನಕ್ಕೆ ಹತ್ತು ಹೋಗುತ್ತವೆ. ಅವುಗಳ ಸಲುವಾಗಿ ಯಾರೂ ನೆತ್ತಿ ಬಡಿದುಕೊಳ್ಳುವುದಿಲ್ಲ. ಅವನ್ನು ಟೊಪಗಿಯವರು ತಡೆಯುವುದಿಲ್ಲ, ಅವಕ್ಕೆ ಆ ಸನ್ನೆ ಬೇಕಿಲ್ಲ.

ಆ ಬಲೆಯ ಉಬ್ಬು ಗೌಸಿಯಾಳನ್ನು ತಳ್ಳಿತು. ಹಿಂದಿನ ಗಾಲಿ ಮೈಮೇಲೆ ಹತ್ತಿತು. ಚೀರುವಷ್ಟು ಹೊತ್ತೂ ಸಿಗಲಿಲ್ಲ. ಅಲ್ಲಾಭಕ್ಷ್ ಅದನ್ನು ಕನ್ನಡಿಯಲ್ಲೇ ನೋಡಿದ.

ಕನಕರಾಜ ಓಡಿ ಬಂದು ತಾನೇ ಅವಳನ್ನು ಎತ್ತಿ ಟಂಟಂನ ಹಿಂದೆ ಮಲಗಿಸಿದ. ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು ಸೀಟಿ ಊದುತ್ತ ಸಿಂಧನೂರಿನವರೆಗೆ ದಾರಿ ಬಿಡಿಸಿದ. ಗೂಡ್ಸ್ ಗಾಡಿಯಲ್ಲಿ ಮನುಷ್ಯರು ಪೊಲೀಸರ ಕಣ್ಣೆದುರೇ ಹೋದದ್ದು ಅವತ್ತೊಂದೇ ದಿನ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ನಾವು ರಸ್ತೆ ತಡೆದು ಕೂತೆವು. ಪೊಲೀಸರಿಗೆ ಧಿಕ್ಕಾರ, ಲಾರಿ ಮಾಲೀಕರಿಗೆ ಧಿಕ್ಕಾರ. ಅಲ್ಲಾಭಕ್ಷ್ ಬರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಅವನು ನೇರ ಠಾಣೆಗೆ ಹೋಗಿದ್ದ. ನಾವೂ ಎದ್ದು ಅಲ್ಲಿಗೇ ಹೋದೆವು. ಕನಕರಾಜ ಹೇಳಿಕೆ ಬರೆಯುತ್ತಿದ್ದ: ಗದ್ದೆಯ ಕೆಲಸಕ್ಕೆ ನಡೆದುಕೊಂಡು ಹೋಗುತ್ತಿರುವಾಗ...

“ನಡಕೋಂತ ಹೊಂಟಿದ್ದಿಲ್ರೀ,” ಎಂದ ಅಲ್ಲಾಭಕ್ಷ್. “ನನ್ನ ಗಾಡ್ಯಾಗ ಬಂದಿದ್ಲು. ನಾ ಇಳಿಸೀನಿ.”

“ಅದನ್ನ ಬಾಯಿಗಿ ತರಬ್ಯಾಡೋ. ನಿನ್ನ ಮ್ಯಾಲೂ ಕೇಸ್ ಆಕೈತಿ. ಲೈಸೆನ್ಸ್ ಹೋಕೈತಿ, ಗಾಡಿ ಹೋಕೈತಿ. ಆರ್ಜೂಗ ಏನ್ ತಿನ್ನಸ್ತಿ?”

ಆರ್ಜೂ ಅವನ ಮಗಳು, ಶಾಲೆಯಲ್ಲಿ ಆರನೆಯ ಇಯತ್ತೆ.

“ಬರೀರಿ.”

“ತಪ್ಪು ಲಾರಿಯವನದು. ನಡುವ ನೀ ಯಾಕ ಬರ್ತಿ?”

“ಲೈಟ್ ಹತ್ತವಲ್ದು ಅಂತ ದಂಡ ಬರದ್ರಿ. ಖಾಕಿ ಅಂಗಿ ಹಾಕಿಲ್ಲಂತ ಬರದ್ರಿ. ಒಂದ್ ಸಲನೂ ಇಲ್ಲ ಅಂದಿಲ್ಲ ನಾ. ಇದೊಂದು ಬರೀರಿ ಸಾಹೇಬ್ರ.”

ಕನಕರಾಜ ಪೆನ್ನು ಕೆಳಗಿಟ್ಟ. “ಅದನ್ನ ಬರದ್ರ ನನ್ನ ಹೆಸರೂ ಬರೀಬೇಕಾಕೈತಿ. ಕಾಣದಂಗ ಮಾಡ್ಕೋ ಅಂದಾವ ನಾನು.”

“ನಿಮ್ಮದು ಬ್ಯಾಡ್ರಿ. ನನ್ನದಷ್ಟ ಬರೀರಿ.”

ಕನಕರಾಜ ಪೆನ್ನು ಮತ್ತೆ ಎತ್ತಿಕೊಂಡ. ‘ನಡೆದುಕೊಂಡು’ ಎಂದೇ ಬರೆದು ಮುಗಿಸಿದ. ಅದರಲ್ಲಿ ಅವನ ನೌಕರಿಯ ಅಂಜಿಕೆ ಎಷ್ಟು, ಮರುಕ ಎಷ್ಟು ಎಂದು ತೂಗಿ ನೋಡುವ ತಕ್ಕಡಿ ನನ್ನಲ್ಲಿಲ್ಲ. ಅಲ್ಲಾಭಕ್ಷ್ ಸಹಿ ಮಾಡಲಿಲ್ಲ. ಸಾಕ್ಷಿಯಾಗಿ ಯಮನೂರಮ್ಮ ಹೆಬ್ಬೆಟ್ಟು ಒತ್ತಿದಳು. “ನಡಕೋಂತ ಹೊಂಟಿದ್ವಿ ಅಂತ ಹೇಳೀನಿ ಯಪ್ಪಾ,” ಎಂದಳು ಅವನ ಮುಖ ನೋಡದೆ. “ಆ ಕೂಸಿಗೆ ನೀನರೆ ಇರಬೇಕಲ್ಲ.” ಹಾಗೆ ಬರೆಯುವುದೇ ಸರಿ ಎಂದು ನಾವೂ ಅಂದೆವು. ಹೊರಗೆ ಬಂದು ಮತ್ತೆ ಧಿಕ್ಕಾರ ಕೂಗಿದೆವು.

ಬಸ್ಸು ಇವತ್ತಿಗೂ ಬಂದಿಲ್ಲ. ಹೆಂಗಸರು ಬೇರೆಯವನ ಟಂಟಂನಲ್ಲಿ ಹೋಗುತ್ತಾರೆ. ಸನ್ನೆ ಕಂಡಲ್ಲಿ ಇಳಿದು ನಡೆಯುತ್ತಾರೆ.

ಅಲ್ಲಾಭಕ್ಷ್ ಈಗ ಗೊಬ್ಬರ, ಸಿಮೆಂಟು ಮಾತ್ರ ಹೇರುತ್ತಾನೆ. ಕನಕರಾಜ ನಿಂತದ್ದು ಕಂಡರೆ ಅವನು ಕೈ ಮಾಡದಿದ್ದರೂ ಗಾಡಿ ನಿಲ್ಲಿಸುತ್ತಾನೆ. ಜೇಬಿನಿಂದ ಲೈಸೆನ್ಸು ತೆಗೆದು ಮುಂದೆ ಚಾಚುತ್ತಾನೆ.

“ತಗೋರಿ ಸಾಹೇಬ್ರ.”

ಕನಕರಾಜ ಅದನ್ನು ಮುಟ್ಟುವುದಿಲ್ಲ. “ಎಲ್ಲಾ ಬರೋಬ್ಬರಿ ಐತಿ. ನಡಿ,” ಎನ್ನುತ್ತಾನೆ.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯುವ ತನಕ ಅಲ್ಲಾಭಕ್ಷ್ ಕೈ ಚಾಚಿಕೊಂಡೇ ಇರುತ್ತಾನೆ.