ಬರಿದೇ ತಿರುಗಿದ ಕಲ್ಲು

ನನಗೆ ಪಾರ್ಕುಗಳೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಸಿಮೆಂಟಿನ ಜಿಂಕೆ, ಸಿಮೆಂಟಿನ ಅಣಬೆ, ಹುಲ್ಲಿನ ಮೇಲೆ ಕಾಲಿಡಬಾರದೆಂಬ ಹಲಗೆ, ಆ ಹಲಗೆಯ ಸುತ್ತ ಹುಲ್ಲೇ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನನ್ನ ಗಂಡನಿಗೆ ಗಂಗಾವತಿಗೆ ವರ್ಗವಾಗಿದ್ದಾಗ, ಆನೆಗೊಂದಿ ಕಡೆಯ ಹಳೇ ಕಾಲುವೆಯ ದಂಡೆಯಲ್ಲಿ ಇಂಥದೇ ಒಂದು ಪಾರ್ಕು ಎದ್ದಿತು. ಅದರ ವಿಶೇಷವೆಂದರೆ ನೀರಗಿರಣಿ. ಕಾಲುವೆಯ ನೀರು ಕೆಳಗಿನ ಚಕ್ರದ ಮೇಲೆ ಬಿದ್ದರೆ ಮೇಲಿನ ಕೋಣೆಯಲ್ಲಿ ದೊಡ್ಡ ಬೀಸುಕಲ್ಲು ತಿರುಗುವಂಥ ಕಲ್ಲುಕಟ್ಟಡ. ರಾಜರ ಕಾಲದ್ದು ಎನ್ನುತ್ತಿದ್ದರು, ಯಾವ ರಾಜನೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಹೂಳು ತುಂಬಿ ಜಾಲಿ ಬೆಳೆದು ಬಿದ್ದಿದ್ದನ್ನು ಸರಕಾರದವರು ಎತ್ತಿ ನಿಲ್ಲಿಸಿ, ಹೊಸ ಚಕ್ರ ಕೂಡಿಸಿ, ಸುಣ್ಣ ಹೊಡೆದು, ಮುಂದೆ ಎರಡು ಸಾಲು ಕಣಗಿಲೆ ಹಚ್ಚಿದ್ದರು.

ಅಲ್ಲಿಗೆ ಹೋಗೋಣವೆಂದು ಹಟ ಹಿಡಿದವರು ನನ್ನ ಗಂಡ. ಅವರ ತಾಯಿ, ಅಂದರೆ ನನ್ನ ಅತ್ತೆ, ಊರಿಂದ ಬಂದಿದ್ದರು. ಕುಕನೂರಿನ ಆಚೆಯ ಎರೆಹೊಲದ ಊರು ಅದು, ಒಂದು ಕೊಡ ನೀರಿಗೆ ಮೈಲಿಗಟ್ಟಲೆ ನಡೆದವರು. ತುಂಬಿ ಹರಿಯುವ ಕಾಲುವೆ ತೋರಿಸಿದರೆ ಅವ್ವನಿಗೆ ಸಂತೋಷವಾಗುತ್ತದೆ ಎಂದು ಮಗನ ಆಸೆ. ನನಗೆ ಮಾತ್ರ ಅವರ ಜೊತೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಆಗ ನನಗೆ ಆರು ತಿಂಗಳು ತುಂಬಿತ್ತು. ಬಂದ ದಿನವೇ ಅತ್ತೆ ಚೀಲ ಕೆಳಗಿಡುವ ಮೊದಲು ಹೇಳಿದ್ದರು: "ಈ ಸಲದ ಬಾಣಂತನ ನಿಮ್ಮಕ್ಕನ ಮನ್ಯಾಗ ಆಗಲಿ. ಯಲಬುರ್ಗಾಕ ಹೋಗು. ನನ್ನ ಕೈಲೆ ಬ್ಯಾಡ."

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನಗೆ ತವರೆಂದರೆ ಹೆಸರಿಗಷ್ಟೇ. ಅಕ್ಕನ ಮನೆಯಲ್ಲಿ ಅವಳದೇ ಐದು ಮಕ್ಕಳು. ಮೊದಲ ಹೆರಿಗೆ ಅತ್ತೆಯ ಮನೆಯಲ್ಲೇ ಆಗಿತ್ತು, ಅತ್ತೆಯ ಕೈಯಲ್ಲೇ. ಆ ಕೂಸು ಅಳಲಿಲ್ಲ. ಬೆನ್ನು ತಟ್ಟಿದರು, ತಣ್ಣೀರು ಚಿಮುಕಿಸಿದರು, ಅದು ಅಳಲೇ ಇಲ್ಲ. ಈಗ ಎರಡನೆಯದಕ್ಕೆ ಬೇರೆ ಮನೆ ನೋಡಿಕೋ ಅನ್ನುತ್ತಿದ್ದಾರೆ. ಯಾಕೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ಮೊದಲನೆಯದನ್ನು ತಿಂದವಳು ನಾನೇ ಎಂದು ಅವರ ತೀರ್ಮಾನ. ನಿಜವಾಗಿ ಹಾಗೇ ಅಂದುಕೊಂಡಿದ್ದಾರೋ ಇಲ್ಲವೋ, ಈ ಕೂಸು ಹುಟ್ಟುವ ಮೊದಲು ನನಗೆ ತಿಳಿಯಬೇಕಿತ್ತು. ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ನಾನು ಹಾಗೆ ಅಂದುಕೊಳ್ಳಲು ಕಾರಣ ಒಂದು ಬೀಸುಕಲ್ಲು. ನಾನು ಕೊಪ್ಪಳದ ಪೇಟೆಯಲ್ಲಿ ಬೆಳೆದವಳು, ಹಿಟ್ಟೆಂದರೆ ಕರೆಂಟಿನ ಗಿರಣಿಯಿಂದ ಡಬ್ಬಿಯಲ್ಲಿ ಬರುವಂಥದು ಎಂದು ತಿಳಿದವಳು. ಮದುವೆಯಾಗಿ ಹೋದ ಮನೆಯಲ್ಲಿ ಇನ್ನೂ ಕೈಯಲ್ಲೇ ಬೀಸುತ್ತಿದ್ದರು. ಹೊಸದರಲ್ಲಿ ಒಂದು ದಿನ ಕಲ್ಲು ಒರೆಸುತ್ತ, ಒಳಗೆ ಕಾಳಿಲ್ಲದೆ, ಸುಮ್ಮನೆ ನಾಲ್ಕು ಸುತ್ತು ತಿರುವಿದೆ. ಅತ್ತೆ ಹಿತ್ತಲಿಂದ ಓಡಿ ಬಂದು ನನ್ನ ಮಣಿಕಟ್ಟು ಹಿಡಿದರು. "ಬರೇ ಕಲ್ಲು ತಿರುವಬಾರ್ದು. ಕಾಳಿಲ್ಲಂದ್ರ ಅದು ಮನಿ ಮಂದಿನ್ನ ಬೀಸತೈತಿ" ಅಂದರು. ಬಯ್ಯಲಿಲ್ಲ, ಅವರ ಮುಖ ಬಿಳುಚಿಕೊಂಡಿತ್ತು. ನಾನು ಒಳಗೊಳಗೇ ನಕ್ಕೆ. ಎಸ್ಸೆಸ್ಸೆಲ್ಸಿ ಪಾಸಾದ ಸೊಕ್ಕು.

ವರ್ಷ ಒಪ್ಪತ್ತಿನಲ್ಲಿ ಬಸುರಿಯಾದೆ. ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದ್ದೆ. ಬೇಸಿಗೆ, ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತು. ಒಳಮನೆಯಿಂದ ಬೀಸುವ ಸದ್ದು ಬರುತ್ತಿತ್ತು, ಜೋಂಪು ಹತ್ತುವಂಥ ಮೆತ್ತನೆಯ ಸದ್ದು. ಇದ್ದಕ್ಕಿದ್ದಂತೆ ಅದು ಬದಲಾಯಿತು. ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜುವ ಸದ್ದು, ಗುರ್ ಎಂದು, ಹಲ್ಲು ಜುಮ್ಮೆನ್ನುವಂಥದು. ಬೀಸುವವರು ಯಾರಾದರೂ ಆ ದನಿ ಕೇಳಿದ ತಕ್ಷಣ ಕೈ ಬಿಡುತ್ತಾರೆ. ಅದು ನಿಲ್ಲಲಿಲ್ಲ. ಐವತ್ತು ಸುತ್ತು, ನೂರು ಸುತ್ತು. ಆಮೇಲೆ ಒಮ್ಮೆಲೇ ನಿಂತಿತು. ನಾನು ಹೊಟ್ಟೆ ಹಿಡಿದುಕೊಂಡು ಎದ್ದು ಒಳಗೆ ಹೋದೆ. ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಎಂದಿನಂತೆ ಅರಿವೆ ಮುಚ್ಚಿತ್ತು. ಅರಿವೆ ಸರಿಸಿ ಕೈಯಿಟ್ಟೆ. ಕಲ್ಲು ಬೆಚ್ಚಗಿತ್ತು.

ಸಂಜೆ ಕೇಳಿದೆ. "ಯಾರೂ ಬೀಸಿಲ್ಲ ಇವತ್ತ" ಎಂದು ಅತ್ತೆ ಮುಖ ತಿರುಗಿಸಿದರು. ಮೂರನೇ ದಿನ ಹೆರಿಗೆಯಾಯಿತು.

ನಾನು ಇಂಥದನ್ನೆಲ್ಲ ನಂಬುವವಳಲ್ಲ, ಈಗಲೂ ನಂಬುವುದಿಲ್ಲ. ಆದರೆ ಆ ಬೆಚ್ಚಗಿನ ಕಲ್ಲು ನನ್ನ ಅಂಗೈಯಿಂದ ಹೋಗಲಿಲ್ಲ. ಎಷ್ಟೋ ಸಲ ಕೆಲಸದ ನಡುವೆ ಕೈ ನೋಡಿಕೊಳ್ಳುತ್ತಿದ್ದೆ. ನಾನು ತಿರುವಿದ ನಾಲ್ಕು ಸುತ್ತನ್ನು ಅದು ಲೆಕ್ಕವಿಟ್ಟು ತಾನೇ ತಿರುಗಿ ತೀರಿಸಿಕೊಂಡಿತೆ? ಅತ್ತೆ ಒಂದು ಮಾತೂ ಆಡಲಿಲ್ಲ. ಆಮೇಲಾಮೇಲೆ ನಾನು ಮಾತಾಡಿಸಿದರೂ ಕೇಳಿಸದವರಂತೆ ಇರತೊಡಗಿದರು. ಕರೆದರೆ ಓಗೊಡುತ್ತಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ, ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಆ ಭಾನುವಾರ ಬಸ್ಸಿಳಿದು ಪಾರ್ಕಿಗೆ ಬಂದಾಗ ಮಧ್ಯಾಹ್ನ ಒಂದರ ಬಿಸಿಲು. ಗಂಡ ನಮ್ಮಿಬ್ಬರನ್ನೂ ಬೇವಿನ ನೆರಳಲ್ಲಿ ಕೂಡಿಸಿ, ರೊಟ್ಟಿಗಂಟು ಕೈಗೆ ಕೊಟ್ಟು, ಹನುಮನಹಳ್ಳಿಯ ಗುಡ್ಡ ಹತ್ತಿ ಬರುತ್ತೇನೆಂದು ಹೊರಟೇಬಿಟ್ಟರು. ಹೆಂಗಸರ ನಡುವಿನ ಮೌನದಿಂದ ತಪ್ಪಿಸಿಕೊಳ್ಳಲು ಗಂಡಸರಿಗೆ ಸದಾ ಒಂದು ಗುಡ್ಡ ಸಿಗುತ್ತದೆ. ಪಾರ್ಕಿನಲ್ಲಿ ನಾವಿಬ್ಬರು ಮತ್ತು ಖಾಕಿ ಅಂಗಿಯ ಕಾವಲುಗಾರ, ಇಷ್ಟೇ ಮಂದಿ. ಸುತ್ತಲಿನ ಬಂಡೆಗಳು ಕಾದು ಬಿಳಿಯಾಗಿದ್ದವು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಕಾಲುವೆಯ ನೀರು ಕೂಡ ಸದ್ದಿಲ್ಲದೆ, ಹಸಿರಾಗಿ, ದಪ್ಪವಾಗಿ ಸರಿಯುತ್ತಿತ್ತು.

"ಗಿರಣಿ ನೋಡ್ತೀರೇನ್ರಿ?" ಎಂದು ಕಾವಲುಗಾರ ಬೀಗದ ಕೈ ಹಿಡಿದು ಬಂದ. ಹೋಗುತ್ತ ಹೇಳಿದ: "ಮಧ್ಯಾಹ್ನದಾಗ ನಾ ಒಬ್ನ ಒಳಗ ಹೋಗಂಗಿಲ್ರಿ. ನೀರ ಬಂದ್ ಮಾಡಿದ್ರೂ ಒಳಗ ಯಾರೋ ಹೆಣ್ಮಕ್ಕಳು ಪದಾ ಹಾಡಿದಂಗ ಕೇಳತೈತಿ." ಹೆದರಿಸಲು ಹೇಳಿದಂತಿರಲಿಲ್ಲ, ಗೋಡೆ ಬಿರುಕು ಬಿಟ್ಟಿದೆ ಅನ್ನುವ ಹಾಗೆ ಹೇಳಿದ.

ಒಳಗೆ ಕತ್ತಲೆ, ತಂಪು. ಹೊಸ ಸುಣ್ಣದ ಕೆಳಗೆ ಹಳೇ ಹೂಳಿನ ವಾಸನೆ. ನೆಲದ ಹಾಸುಗಲ್ಲುಗಳ ಸಂದಿಯಲ್ಲಿ ಬಗ್ಗಿ ನೋಡಿದರೆ ಆಳದಲ್ಲಿ ನೀರು ಮಿಣುಗುತ್ತಿತ್ತು. ನಡುವೆ ಗಾಡಿಗಾಲಿಯಷ್ಟು ಅಗಲದ ಬೀಸುಕಲ್ಲು. ಕಾವಲುಗಾರ ಗೋಡೆಯ ಬದಿಯ ಹಿಡಿಕೆ ಎತ್ತಿದ. ಕೆಳಗೆ ನೀರು ಧೋ ಎಂದು ಬಿತ್ತು, ನೆಲ ನಡುಗಿತು, ಮೇಲಿನ ಕಲ್ಲು ನಿಧಾನವಾಗಿ ಅಲುಗಿ ತಿರುಗತೊಡಗಿತು.

ಗುರ್ ಎಂದಿತು. ಅದೇ ಸದ್ದು. ಹೊಟ್ಟೆಯೊಳಗೆ ಕೂಸು ಒದ್ದಿತು.

"ಕಾಳು ಹಾಕಂಗಿಲ್ಲೇನ?" ಎಂದೆ.

"ಇಲ್ರಿ. ಹಿಟ್ಟಾದ್ರ ಇಲಿ ಬರ್ತಾವಂತ ಸಾಹೇಬ್ರು ಬ್ಯಾಡಂದಾರ. ದಿನಾ ನಾಕೈದು ಸಲ ಹಿಂಗ ಬರೇದ ತಿರುವಿ ತೋರಸ್ತೀವಿ."

ಅತ್ತೆಗೆ ಇದೆಲ್ಲ ಕೇಳಿದಂತೆ ಕಾಣಲಿಲ್ಲ. ಅವರು ಕಲ್ಲಿನ ಪಕ್ಕದ ಮರದ ಅಡ್ಡದ ಮೇಲೆ ಅಂಗೈ ಊರಿ ನಿಂತಿದ್ದರು, ಮುಖದಲ್ಲಿ ಬರಿ ಕುತೂಹಲ. ಅಷ್ಟು ಹೊತ್ತಿಗೆ ಸುಟ್ಟ ಕಲ್ಲಿನ ವಾಸನೆ ಎದ್ದಿತು. ಅತ್ತೆ ಮೂಗೆತ್ತಿದರು. ಬಗ್ಗಿ ಕಲ್ಲಿನ ಬಾಯಿಯೊಳಗೆ ಇಣುಕಿದರು. ಅಲ್ಲಿ ಏನೂ ಇಲ್ಲದ್ದನ್ನು ನೋಡಿ ನನ್ನ ಹೊಟ್ಟೆಯ ಕಡೆ ತಿರುಗಿದರು. ಹಾಗೆ ಹೆದರಿದ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮರುಗಳಿಗೆಗೆ ರೊಟ್ಟಿಗಂಟು ಬಿಚ್ಚಿದರು. ಜೋಳದ ಒಣ ಕಟಕರೊಟ್ಟಿಗಳನ್ನು ಎರಡೂ ಕೈಯಿಂದ ಮುರಿದು ಮುರಿದು ಕಲ್ಲಿನ ಬಾಯಿಗೆ ತುಂಬತೊಡಗಿದರು. ನಮ್ಮ ಮಧ್ಯಾಹ್ನದ ಊಟ ಪೂರ್ತಿ. ಅಂಚಿನಿಂದ ಬಿಳಿ ಪುಡಿ ಉದುರಿತು, ಸದ್ದು ಮೆತ್ತಗಾಯಿತು. ಕಾವಲುಗಾರ ಅವರ ಬೆನ್ನ ಹಿಂದೆಯೇ ನಿಂತು ಕಿರುಚಿದ: "ಯಜಮಾನ್ತೀ! ಹೊಲಸ ಮಾಡಬ್ಯಾಡ್ರಿ! ಏ ಯಜಮಾನ್ತೀ!" ಅತ್ತೆ ತಿರುಗಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ಅವನು ಮತ್ತೆ ಕೂಗಿದ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಕೂಗು ಅವರಿಗೆ ಮುಟ್ಟಿರಲೇ ಇಲ್ಲ.

ಅವರಿಗೆ ಕಿವಿ ಕೇಳುವುದಿಲ್ಲ. ಊರಲ್ಲಿ ಅಷ್ಟು ಕಾಲ ಒಂದೇ ಮನೆಯಲ್ಲಿದ್ದರೂ ನನಗೆ ಅದು ಹೊಳೆದದ್ದು ಆಗ. ನಾನು ಸೊಕ್ಕು ಅಂದುಕೊಂಡದ್ದೆಲ್ಲ ಅದು.

ಕಾವಲುಗಾರ ಗೊಣಗುತ್ತ ನೀರು ನಿಲ್ಲಿಸಿದ. ಕಲ್ಲು ಇನ್ನೂ ಸ್ವಲ್ಪ ಹೊತ್ತು ತಾನೇ ತಿರುಗಿತು. ಅತ್ತೆಯ ಕೈ ಹಿಡಿದು ಹೊರಗೆ ತಂದು ಸಿಮೆಂಟಿನ ಬೆಂಚಿನ ಮೇಲೆ ಕೂಡಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಏನೂ ಕೇಳದಿದ್ದರೂ ಅವರೇ ಶುರು ಮಾಡಿದರು, ನೆಲ ನೋಡುತ್ತ.

"ಅವತ್ತ ಬೀಸಿದಾಕಿ ನಾನ. ಕಡೀ ಹಿಡಿ ಹಾಕಿದ್ಮ್ಯಾಲೆ ದನಿ ಕೇಳಿ ನಿಂದ್ರಸೂದು. ನನಗ ದನಿ ಬರಲೇ ಇಲ್ಲ. ಇನ್ನೂ ಕಾಳ ಐತೇನೋ ಅಂತ ತಿರುವಿದೆ, ತಿರುವಿದೆ. ಸುಟ್ಟ ವಾಸನಿ ಬಂದ ಮ್ಯಾಲೆ ಗೊತ್ತಾತು. ಹಿಟ್ಟಿನಾಗ ಕಲ್ಲಿನ ಪುಡಿ ಬಿದ್ದಿತ್ತು, ಕಲ್ಲಿಗೆ ಅರಿವಿ ಮುಚ್ಚಿ ಹಿತ್ತಲ ಬಾಗಲಿಂದ ಒಯ್ದು ತಿಪ್ಪಿಗೆ ಹಾಕಿದೆ. ಕಿವುಡಿ ಅಂತ ಹೇಳಿದ್ರ ಮೂಲ್ಯಾಗ ಕೂಡಸ್ತಾರಂತ ಹೇಳಲಿಲ್ಲ. ನಿನ್ನ ಕೂಸಿನ್ನ ನಾನ ಬೀಸಿದೆ, ಯವ್ವಾ. ಅದಕ ಯಲಬುರ್ಗಾಕ ಹೋಗಂದದ್ದು. ನನ್ನ ಕೈ ಇದಕ್ಕರ ಹತ್ತಬಾರ್ದು."

ನನಗೆ ಅಳು ಬಂತು, ಸಿಟ್ಟೂ ಬಂತು. ಒಂದೇ ಸೂರಿನಡಿ, ಒಂದೇ ಕೂಸನ್ನು ನಾನೇ ಕೊಂದೆನೆಂದು ಇಬ್ಬರೂ ತಿಳಿದು ಮಾತು ಬಿಟ್ಟಿದ್ದೆವು. "ಕಲ್ಲು ಯಾರನ್ನೂ ಬೀಸಂಗಿಲ್ರಿ ಅತ್ತಿ" ಎಂದೆ. ಅವರು ನೆಲವನ್ನೇ ನೋಡುತ್ತಿದ್ದರು, ಕೇಳಿಸಲಿಲ್ಲ. ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡೆ. ಅತ್ತೆಯ ಎದುರು ಎಂದೂ ದನಿ ಎತ್ತದವಳು ಗಂಟಲು ಹರಿಯುವ ಹಾಗೆ ಕೂಗಿದೆ: "ಬಾಣಂತನ ನೀವ ಮಾಡಬೇಕು! ನಾ ಎಲ್ಲೂ ಹೋಗಂಗಿಲ್ಲ! ನಿಮ್ಮ ಕೈಯಾಗ ಹಡಿತೀನಿ!" ಬಂಡೆಗಳಿಗೆ ಬಡಿದು ನನ್ನ ಮಾತು ವಾಪಸು ಬಂತು. ಕಾವಲುಗಾರ ಬಾಗಿಲಲ್ಲಿ ಬೀಗ ಹಿಡಿದು ಹಾಗೇ ನಿಂತ.

"ಮೆತ್ತಗ," ಎಂದರು ಅತ್ತೆ, "ಮಂದಿ ನೋಡಾಕತ್ತಾರ." ಆಮೇಲೆ ನನ್ನ ಮೊಳಕಾಲ ಮೇಲೆ ತಲೆಯಿಟ್ಟು ಅತ್ತರು. ಗುಡ್ಡ ಇಳಿದು ಬಂದ ಗಂಡ, ರೊಟ್ಟಿ ಎಲ್ಲಿ ಎಂದು ಕೇಳಿದರು.

ಚಳಿಗಾಲದ ಒಂದು ಬೆಳಿಗ್ಗೆ ಗಂಗಾವತಿಯ ಬಾಡಿಗೆ ಮನೆಯಲ್ಲೇ ಹಡೆದೆ. ನರ್ಸಮ್ಮ ಕೂಸನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟಳು. ಅದರ ಕೂಗಿಗೆ ಆಚೆಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು. ಅತ್ತೆ ಮಾತ್ರ ಅದರ ಅಗಲಿಸಿದ ಬಾಯಿಯನ್ನೇ ನೋಡುತ್ತ, ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು:

"ಅಳಾಕತ್ತೈತೇನ?"

ಅವರಿಗೆ ನನ್ನ ತುಟಿ ಕಾಣಲೆಂದು ಗೋಡೆ ಹಿಡಿದು ಎದ್ದು ಕೂತೆ. "ಅಳಾಕತ್ತೈತ್ರಿ," ಎಂದೆ.