ಗಾಜಿಗೆ ಅಂಟಿದ ಅವ್ವ

ಭರಮಪ್ಪ ಕೆಟ್ಟ ಮನುಷ್ಯ. ಸಿಟ್ಟು ಬಂದಾಗ ಮಾತ್ರ ಕೆಟ್ಟವನು ಎನ್ನುವವರು ಖಾನಾಪುರದಲ್ಲಿ ಇದ್ದಾರೆ. ಅವರು ಅವನ ಮನೆಯಲ್ಲಿ ಬಾಳಿದವರಲ್ಲ. ಕುರಿ ಕಾಯಲು ಹಿಡಿದ ಬಡಿಗೆಯನ್ನು, ಕುರಿ ಮಾರಿ ಹೆಂಚಿನ ಕಾರ್ಖಾನೆಯ ಕಾವಲುಗಾರನಾದ ಮೇಲೂ ಅವನು ಕೆಳಗಿಡಲಿಲ್ಲ. ಹೆಂಡತಿಯ ಹಲ್ಲು ಉದುರಿಸಿದ. ತವರಿಗೆ ಹೋದವಳು ತಿರುಗಿ ಬರಲಿಲ್ಲ. ತಂಗಿ ಸಿದ್ದಕ್ಕನ ಎಡಗಿವಿ ಮಂದವಾದದ್ದೂ ಅವನ ಹೊಡೆತಕ್ಕೇ. ಹತ್ತಿರದ ಶಹರದ ಹಿಂದವಾಡಿಯ ಶಾಲೆಯೊಂದರಲ್ಲಿ ಅಡುಗೆ ಮಾಡುವ ಆಕೆ, ಅಣ್ಣ ಮಾತಾಡುವಾಗ ಆ ಕಿವಿಯನ್ನೇ ಅವನತ್ತ ತಿರುಗಿಸುತ್ತಾಳೆ.

ಸತ್ತ ತಾಯಿಯದು ಇದ್ದದ್ದು ಒಂದೇ ಫೋಟೋ, ಭರಮಪ್ಪನ ಗೋಡೆಯ ಮೇಲೆ. ಪ್ರತಿ ಅಮಾವಾಸ್ಯೆಗೆ ಅದನ್ನು ಇಳಿಸಿ, ದೇವರ ಮೂರ್ತಿಗೆ ಮಾಡಿದಂತೆ ತಂಬಿಗೆ ನೀರು ಹೊಯ್ದು ತೊಳೆದು ಕುಂಕುಮ ಹಚ್ಚುವುದು ಅವನ ಪದ್ಧತಿ. ನೀರು ಚೌಕಟ್ಟಿನೊಳಗೆ ಇಳಿಯಿತು. ಉಳಿದದ್ದನ್ನು ಮಳೆಗಾಲದ ಥಂಡಿ ಮಾಡಿತು. ಅವ್ವನ ಮುಖ ಗಾಜಿಗೆ ಅಂಟಿಕೊಂಡಿತು.

ಅದೇ ಶಹರದ ರವಿವಾರ ಪೇಟೆಯ ಬಳಿ ಸ್ಟುಡಿಯೋ ಇಟ್ಟಿರುವ ದಿಗಂಬರ ಸಿದ್ದಕ್ಕನಿಗೆ ಫೋನಿನಲ್ಲಿ ಹೇಳಿದ: ‘ಕೀಳಾಕ ಹೋಗಬ್ಯಾಡ್ರಿ ಅಕ್ಕಾರ. ಕಿತ್ತರ ಮಾರಿ ಗಾಜಿಗೇ ಉಳೀತೈತಿ. ಗಾಜಿನ ಸಮೇತ ತರ್ರಿ, ಹಂಗ ಕಾಪಿ ತಗೀತೀನಿ.’

ಅಲ್ಲೇ ಸದಾಶಿವನಗರದಲ್ಲಿರುವ ತಮ್ಮ ಮುತ್ತಪ್ಪನನ್ನು ಕರೆದುಕೊಂಡು ಆಕೆ ಖಾನಾಪುರಕ್ಕೆ ಹೋದಳು. ಭರಮಪ್ಪ ಬಾಗಿಲಿಗೇ ಅಡ್ಡ ನಿಂತ.

‘ಅವ್ವನ್ನ ಹೊತಗೊಂಡ ಹೋಗಾಕ ಬಂದೀರೇನ? ಇಷ್ಟ ವರ್ಷ ನೀರ ಹಾಕಿದಾವ ನಾನು.’

‘ನೀರ ಹಾಕೇ ಹಾಳ ಮಾಡೀದಿ,’ ಎಂದ ಮುತ್ತಪ್ಪ. ‘ಇದ್ದಾಗ ಬಡದಿ. ಸತ್ತಮ್ಯಾಲ ಜಳಕಾ ಮಾಡಸ್ತೀದಿ.’

ಬಡಿಗೆ ಮುತ್ತಪ್ಪನ ಹಣೆಯನ್ನು ಸೀಳಿತು. ಅವನು ರಕ್ತ ಒರೆಸಿಕೊಳ್ಳದೆ ಒಳಗೆ ನುಗ್ಗಿ ಗೋಡೆಯಿಂದ ಫೋಟೋ ಕಿತ್ತ. ಭರಮಪ್ಪ ಎಳೆದ. ಚೌಕಟ್ಟು ನೆಲಕ್ಕೆ ಬಿದ್ದು ಗಾಜು ಚೂರಾಯಿತು. ಅದರೊಂದಿಗೆ ಕಾಗದವೂ ಹರಿಯಿತು. ಎತ್ತಲು ಬಗ್ಗಿದ ತಮ್ಮನ ಬಲಗೈಯನ್ನು ಭರಮಪ್ಪ ಕಾಲಿಂದ ತುಳಿದು, ಬೆನ್ನಿಗೆ ಮತ್ತೆ ಬಡಿಗೆ ಬೀಸಿದ. ಬೆರಳಿನ ಎಲುಬು ಮುರಿದ ಸದ್ದು ಸಿದ್ದಕ್ಕನ ಮಂದ ಕಿವಿಗೂ ಕೇಳಿಸಿತು.

‘ಬಡಿ,’ ಎಂದಳು ಆಕೆ, ನೆಲಕ್ಕೆ ಕೂತು ಚೂರು ಆರಿಸುತ್ತ. ‘ಅವ್ವ ನೋಡಾಕತ್ತಾಳ. ಒಂದ ಕಣ್ಣ ಇಲ್ಲೈತಿ, ಇನ್ನೊಂದ ನಿನ್ನ ಕಾಲ ಬಾಜೂಕ ಐತಿ.’

ಭರಮಪ್ಪ ಕಾಲು ತೆಗೆದ.

ಸಿದ್ದಕ್ಕ ಒಳಗಿನಿಂದ ಹಿಟ್ಟು ನಾದುವ ಅಗಲ ಪರಾತ ತಂದು, ಬಟ್ಟೆ ಹಾಸಿ, ಚೂರುಗಳನ್ನು ಒಂದಕ್ಕೊಂದು ಕೂಡಿಸಿ ಮುಖ ಮಾಡಿದಳು. ಬಸ್ಸಿನ ಕುಲುಕಾಟಕ್ಕೆ ಅವು ಒಂದರ ಮೇಲೊಂದು ಸರಿದರೆ ಮುಗಿಯಿತು. ಉಜ್ಜಿ ಹೋದ ಮುಖವನ್ನು ಯಾವ ದಿಗಂಬರನೂ ತರಲಾರ. ಸ್ಟುಡಿಯೋ ಮುಟ್ಟುವ ತನಕ ಯಾರಾದರೂ ಒತ್ತಿ ಹಿಡಿಯಬೇಕು. ಮುತ್ತಪ್ಪನ ಕೈ ಊದಿತ್ತು. ಚೂರು ಆರಿಸಿದ ಆಕೆಯ ಬೆರಳುಗಳಿಂದ ರಕ್ತ ಜಿನುಗುತ್ತಿತ್ತು.

‘ಕೊಡು ಇತ್ತಾಗ,’ ಎಂದ ಭರಮಪ್ಪ.

ಕೊಡದೆ ಬೇರೆ ದಾರಿ ಇರಲಿಲ್ಲ. ಬಸ್ಸಿನಲ್ಲಿ ಅವನು ಪರಾತವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಗಳನ್ನು ಗಾಜಿನ ಮೇಲೆ ಊರಿ ಕೂತ. ಬಸ್ಸು ದೇಸೂರು ದಾಟಿತು. ತಲೆಗೆ ಟವೆಲ್ ಸುತ್ತಿಕೊಂಡು ಎದುರಿಗೆ ಕೂತಿದ್ದ ಮುತ್ತಪ್ಪ ಎದ್ದು, ಎಡಗೈ ಮುಷ್ಟಿಯಿಂದ ಅಣ್ಣನ ಮುಖಕ್ಕೆ ಗುದ್ದಿದ.

ಪರಾತ ಇನ್ನು ಹಾರುತ್ತದೆ ಎಂದು ಸಿದ್ದಕ್ಕ ಅದನ್ನು ಹಿಡಿಯಲು ಮುಂದೆ ಬಿದ್ದಳು. ಮುತ್ತಪ್ಪ ಮತ್ತೊಮ್ಮೆ ಗುದ್ದಿದ. ಹಿಂದಿನ ಸೀಟಿನವರು ಎದ್ದು ಅವನನ್ನು ಹಿಡಿದರು. ಭರಮಪ್ಪನ ಅಂಗೈಗಳು ಗಾಜಿನಿಂದ ಏಳಲಿಲ್ಲ. ಮೂಗಿನಿಂದ ರಕ್ತ ಇಳಿಯತೊಡಗಿದಾಗ ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಅದು ತನ್ನ ಹೆಗಲ ಮೇಲೆ ಬೀಳುವಂತೆ ಕತ್ತು ಓರೆ ಮಾಡಿದ.