ಸಮುದ್ರಕ್ಕೆ ಒಯ್ದ ಊರ ನೀರು

ಆಯಿಯ ಕಾಲುಗಳು ಮೊಣಕಾಲಿನಿಂದ ಕೆಳಗೆ ಹೊಳೆಯುತ್ತಿದ್ದವು. ಎಷ್ಟೋ ವರ್ಷ ಎಣ್ಣೆ ಹಚ್ಚಿದ ಕೂಸುಗಳನ್ನು ಅವುಗಳ ಮೇಲೆ ಮಲಗಿಸಿಕೊಂಡು ನೀರೆರೆದದ್ದಕ್ಕೋ ಏನೋ, ಅಲ್ಲಿ ಒಂದು ಕೂದಲೂ ಇರಲಿಲ್ಲ. ಒಂದು ಕಾಲಿನ ಮೇಲೆ ಬಿಸಿನೀರು ಬಿದ್ದ ಹಳೆಯ ಕಲೆ ಇತ್ತು. ಎಡಗಾಲೆಂದು ಡೈರಿಯಲ್ಲಿ ಬರೆದಿದ್ದೇನೆ. ಕಣ್ಣು ಮುಚ್ಚಿದರೆ ಬಲಗಾಲಿನ ಮೇಲೆ ಕಾಣುತ್ತದೆ. ಮುಂದೆ ಬರೆಯುವುದರಲ್ಲೂ ಇಂಥ ತಪ್ಪುಗಳಿರಬಹುದು. ಹೊಟ್ಟೆಕಿಚ್ಚಿನಲ್ಲಿ ನೋಡಿದ್ದನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಕೂಸು ಹುಟ್ಟಿದ ಮನೆಗೆ ದಿನಾ ಬೆಳಿಗ್ಗೆ ಬಂದು ಎಣ್ಣೆ ತಿಕ್ಕಿ ಎರೆಯುವುದು ಆಯಿಯ ಕೆಲಸ. ತವರು ಗಲಗಲಿ, ಲಗ್ನವಾಗಿ ಇಲ್ಲಿಗೆ ಬಂದವಳು. ನನ್ನ ಗಂಡನಿಗೂ ಆಕೆಯೇ ಎರೆದಿದ್ದಳು. ನನಗೆ ತಾಯಿ ಇರಲಿಲ್ಲ. ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನಾನು ಹೆತ್ತ ಮಗಳ ಮೈ ತೊಳೆಯಲು ಬಾರದೆ, ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದೆ. ಲೋಬಾನದ ಹೊಗೆ ಹಿಡಿಸಿಕೊಂಡು ಮಗಳು ನನ್ನ ಕೈಗೆ ಬಂದಾಗ ಅವಳ ಮೈಯೆಲ್ಲ ಆಯಿಯ ವಾಸನೆ.

ಮಗಳಿಗೆ ಎಂಟು ತಿಂಗಳಾದಾಗ ಸಮುದ್ರ ನೋಡಲು ಗೋಕರ್ಣಕ್ಕೆ ಹೊರಟೆವು. ನನ್ನ ಲೆಕ್ಕದಲ್ಲಿ ನಾವು ಮೂವರು ಮತ್ತು ಅತ್ತೆ. ಅತ್ತೆ ಹೇಳಿಬಿಟ್ಟರು: "ಆಯಿ ಬಂದ್ರ ನಾ ಬರತೇನಿ. ಪರಊರಾಗ ಕೂಸಿಗೆ ಎರಿಯೋರು ಯಾರು?"

ಆಯಿ ಬಂದಳು. ಜೊತೆಗೆ ತೊಳೆದ ಎಣ್ಣೆ ಕ್ಯಾನಿನಲ್ಲಿ ನಮ್ಮ ಮನೆಯ ನೀರು ತುಂಬಿ ತಂದಳು. ಹೊಸ ಊರಿನ ನೀರಿಗೆ ದಿನಾ ಒಂದು ತಂಬಿಗೆ ಊರ ನೀರು ಕೂಡಿಸಿಯೇ ಕೂಸಿಗೆ ಎರೆಯಬೇಕೆಂಬುದು ಆಕೆಯ ಪದ್ಧತಿ.

"ಆಯೀ, ಸಮುದ್ರಕ್ಕ ನೀರ ಹೊತಗೊಂಡ ಹೊಂಟೀಯಲ್ಲ" ಎಂದು ನನ್ನ ಗಂಡ ನಕ್ಕರು.

"ನಗಲೇ, ನಗು. ನಿನ್ನ ಪಂಢರಪುರಕ್ಕ ಒಯ್ದಾಗ ನಿಮ್ಮವ್ವ ನೀರ ಮರತಿದ್ಲು. ಮೈತುಂಬ ಗುಳ್ಳಿ ಎದ್ದು ಅಂಗಿ ಇಲ್ಲದ ತಿರಗ್ಯಾಡಿದಿ."

ಮುಧೋಳ ದಾಟುವುದರೊಳಗೆ ಮಗಳು ನನ್ನ ತೊಡೆಯ ಮೇಲೆ ಅತ್ತು ಕೆಂಪಾದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ಆಮೆಯಂತೆ ತೆವಳುತ್ತಿತ್ತು. "ಇತ್ತ ತಾ ಬೇ ತಂಗಿ" ಎಂದು ಆಯಿ ಸೀಟಿನ ಮೇಲೆ ಅಡ್ಡ ಕಾಲು ಚಾಚಿದಳು. ಮಗಳನ್ನು ಆ ಕಾಲುಗಳ ನಡುವಿನ ಗುಳಿಯಲ್ಲಿ ಮಲಗಿಸಿದೆ. ಯಲ್ಲಾಪುರದವರೆಗೂ ಅವಳು ಮಿಸುಕಲಿಲ್ಲ. ಆಯಿಯ ಪಾದಗಳಿಗೆ ಜಾಗ ಬಿಟ್ಟು ನಾನು ಬಾಗಿಲಿಗೆ ಅಂಟಿಕೊಂಡು ಕುಳಿತಿದ್ದೆ.

ಸಮುದ್ರ ಕಂಡಾಗ ಡೈರಿಗೆಂದು ಒಂದು ಒಳ್ಳೆಯ ವಾಕ್ಯ ಹುಡುಕುತ್ತಿದ್ದೆ. ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿದ ಆಯಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ನಮ್ಮ ಓಣ್ಯಾಗ ಮಗ್ಗ ನಡದಂಗ ಸಪ್ಪಳ ಐತಿ. ಕೂಸು ಛಲೋ ಮಲಗತೈತಿ ಬಿಡು" ಎಂದಳು. ಆ ದಿನದ ಪುಟದಲ್ಲಿ ನನ್ನ ವಾಕ್ಯ ಇಲ್ಲ, ಆಕೆಯದಿದೆ. ಯಾರ ಮಾತೆಂದು ಮಾತ್ರ ಬರೆದಿಲ್ಲ.

ಮರುದಿನ ಬೆಳಿಗ್ಗೆ, ಇವತ್ತು ನಾನೇ ಎರೆಯುತ್ತೇನೆಂದು ಲಾಡ್ಜಿನ ಬಚ್ಚಲಲ್ಲಿ ಕುಳಿತೆ. ಮೊದಲ ತಂಬಿಗೆಗೇ ಮಗಳು ಉಸಿರು ಕಟ್ಟುವ ಹಾಗೆ ಚೀರಿದಳು. "ಆಯಿ ಕೈಯಾಗ ಕೊಡವ್ವ, ಯಾಕ ಅಳಸ್ತಿ?" ಎಂದರು ಅತ್ತೆ. ಕೊಟ್ಟೆ. ಆಯಿ ಕ್ಯಾನಿನಿಂದ ಊರ ನೀರು ಕೂಡಿಸಿ ಎರೆಯತೊಡಗಿದ ಕೂಡಲೇ ಮಗಳು ನಕ್ಕಳು. "ಗುರ್ತಿನ ನೀರು ನೋಡ್ರಿ" ಎಂದಳು ಆಯಿ.

ಮಧ್ಯಾಹ್ನ ಎಲ್ಲರೂ ದಂಡೆಗೆ ಹೋದರು. ತಲೆನೋವೆಂದು ನಾನು ಕೋಣೆಯಲ್ಲೇ ಉಳಿದೆ. ಕಿಟಕಿಯಿಂದ ಕಾಣುತ್ತಿತ್ತು: ಮಗಳು ಆಯಿಯ ಸೊಂಟದ ಮೇಲೆ, ಆಯಿ ಮೊಣಕಾಲುದ್ದ ನೀರಿನಲ್ಲಿ. ಬಚ್ಚಲಿಗೆ ಹೋಗಿ ಕ್ಯಾನಿನ ನೀರನ್ನೆಲ್ಲ ಚೆಲ್ಲಿದೆ. ಲಾಡ್ಜಿನ ನಲ್ಲಿಯ ನೀರು ತುಂಬಿಸಿ ಮುಚ್ಚಳ ಬಿಗಿದೆ. ನಾಳೆಯೂ ಮಗಳು ನಗಲಿ, ಆಗ ಎಲ್ಲರ ಮುಂದೆ ಹೇಳುತ್ತೇನೆ, ನಿಮ್ಮ ನೀರಿನಲ್ಲಿ ಏನೂ ಇಲ್ಲ ಎಂದು. ಅಂದುಕೊಂಡದ್ದು ಅಷ್ಟೇ. ಅಥವಾ ಅಷ್ಟೇ ಅಂದುಕೊಂಡೆ ಎಂದು ಈಗ ಬರೆಯುತ್ತಿದ್ದೇನೆ. ಮಗಳು ಆಯಿಯ ಕೈಯಲ್ಲಿಯೂ ಅಳಲಿ ಎಂಬ ಆಸೆ ಒಳಗೆ ಇರಲಿಲ್ಲವೆಂದು ಹೇಳಲಾರೆ.

ಬೆಳಿಗ್ಗೆ ಆಯಿ ಕ್ಯಾನಿನ ಮುಚ್ಚಳ ತೆಗೆದು ಅಂಗೈಗೆ ಸ್ವಲ್ಪ ನೀರು ಸುರಿದುಕೊಂಡಳು. ನೀರಿನ ಬಿಸಿ ನೋಡಲು ದಿನಾ ಹಾಗೆಯೇ ಮಾಡುತ್ತಿದ್ದಳೋ, ಅಂದು ಮಾತ್ರವೋ ನೆನಪಿಲ್ಲ. ಕ್ಯಾನಿನ ನೀರು ತಣ್ಣಗೇ ಇರುತ್ತಿತ್ತು, ಅದರ ಬಿಸಿ ಏಕೆ ನೋಡಬೇಕು? ಅಂಗೈಯನ್ನು ತುಟಿಗೆ ಒಯ್ದಂತೆ ನೆನಪು. ಲಾಡ್ಜಿನ ನೀರು ಸ್ವಲ್ಪ ಉಪ್ಪುಪ್ಪಾಗಿತ್ತು. ನಾನು ಟವೆಲ್ ಹಿಡಿದು ಬಾಗಿಲಲ್ಲಿದ್ದೆ. ಆಯಿ ತಲೆ ಎತ್ತಿ ನೋಡಿದಳು.

"ತಂಗಿ, ಇವತ್ತ ನನ್ನ ಕಾಲ ಹಿಡದಾವ. ನೀ ಕುಂದರ."

ಗೋಡೆಗೆ ಒರಗಿ ಕಾಲು ಚಾಚಿದೆ. ಆಯಿ ಮಗಳನ್ನು ಬೋರಲು ಮಲಗಿಸಿ, ನನ್ನ ಎಡಗೈಯನ್ನು ಅವಳ ಎದೆಯ ಕೆಳಗೆ ಇಟ್ಟಳು. "ಇಲ್ಲಿ ಹಿಡಿ. ಗಟ್ಟಿ ಬ್ಯಾಡ. ನಿನ್ನೆ ನೀ ಅಂಜಿದ್ದಿ, ಅದಕ್ಕ ಅದೂ ಅಂಜಿತು." ಆಕೆ ನೀರು ಹಾಕಿದಳು, ನಾನು ಬೆನ್ನು ತಿಕ್ಕಿದೆ. ಮಗಳು ಎರಡು ಸಲ ಅತ್ತಳು, ಆಮೇಲೆ ನನ್ನ ಕಾಲ ಬೆರಳು ಹಿಡಿಯಲು ಕೈ ಚಾಚಿ ಸುಮ್ಮನಾದಳು.

ಆಯಿ ಹೊರಗಿದ್ದ ಅತ್ತೆಗೆ ಕೇಳುವಂತೆ ಕೂಗಿದಳು: "ಊರ ನೀರಂದ್ರ ಊರ ನೀರ ನೋಡ್ರಿ ಬಾಯಾರ, ಹೆಂಗ ಸುಮ್ಮ ಆತು."

ನನಗೆ ಸಿಟ್ಟು ಬಂತು. ಒಂದೇ ಒಂದು ಸಲ ಗೆದ್ದಿದ್ದೆ, ಅದನ್ನೂ ನೀರಿನ ಲೆಕ್ಕಕ್ಕೆ ಹಾಕಿದಳಲ್ಲ ಎಂದು. ಆಕೆ ನನ್ನನ್ನು ಉಳಿಸಲು ಸುಳ್ಳು ಹೇಳಿರಬಹುದು ಎಂಬುದು ಹೊಳೆದದ್ದು ಹಿಂದಿರುಗುವ ದಾರಿಯಲ್ಲಿ. ಆಗ ಆಯಿ ನೆಟ್ಟಗೆ ಕುಳಿತಿದ್ದಳು. ಮಗಳು ನನ್ನ ತೊಡೆಯ ಮೇಲಿದ್ದಳು. ಬನಹಟ್ಟಿಗೆ ಬಂದ ಮೇಲೆ ಆಯಿ ಎರೆಯಲು ಬರಲಿಲ್ಲ. "ನಿನಗ ಬರತೈತಲ್ಲ" ಎಂದಳು. ಬೇರೆ ಮನೆಗಳಿಗೆ ಮಾತ್ರ ಅದೇ ಕಾಲುಗಳಲ್ಲಿ ಬಿರಬಿರನೆ ಹೋಗುತ್ತಿದ್ದಳು.

ಹೋದ ವರ್ಷ ಗಲಗಲಿಯಲ್ಲಿ, ತನ್ನ ಅಣ್ಣನ ಮನೆಯಲ್ಲಿ, ಆಯಿ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಮೀಸೆ ಬೆಳ್ಳಗಾದವರೂ ಇದ್ದರು. "ನನಗೂ ಎರದಾಳ" ಎಂದು ಒಬ್ಬೊಬ್ಬರೇ ಹೇಳುತ್ತಿದ್ದರು. ಅಲ್ಲಿಯೂ ನನಗೆ ಹೊಟ್ಟೆಕಿಚ್ಚಾಯಿತು. ಅವರೆಲ್ಲ ಆ ಕಾಲುಗಳ ಮೇಲೆ ಮಲಗಿದವರು. ನಾನು ಬಾಗಿಲಲ್ಲಿ ನಿಂತವಳು.

ಗೋಕರ್ಣದಲ್ಲಿ ಆಯಿಯ ಜೊತೆ ಒಂದೇ ಕೋಣೆಯಲ್ಲಿದ್ದವರು ಅತ್ತೆ. ಮೊನ್ನೆ ಮಗಳ ತಲೆ ಬಾಚುತ್ತ ಅವರನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು, ಮಗಳನ್ನು ನೋಡಿದರು, ಎದ್ದು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೀ, ಕ್ಯಾನಿನ್ಯಾಗಿನ ನೀರ ನಮ್ಮೂರದಲ್ಲ ಅಂತ ಆಯಿ ನಿಮ್ಮ ಮುಂದ ಏನರ ಅಂದಿದ್ಲೇನ್ರಿ?"